ಮುಳ್ಳು ಅಲುಗದಿದ್ದರೆ ಏನರ್ಥ?

(ತುಮಕೂರಿನಲ್ಲಿ ಇನ್‌ಸ್ಟ್ರುಮೆಂಟೇಶನ್ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಂಟ್ರೋಲ್ ರೂಮಿನ ಪ್ಯಾನೆಲ್ ಮೇಲೆ ಒಂದು ಮೀಟರ್ ಇದೆ ಅಂದುಕೊಳ್ಳಿ. ಅದರ ಮುಳ್ಳು ಸೊನ್ನೆಯ ಹತ್ತಿರ ನಿಂತಿದೆ. ಒಂದು ಗಂಟೆಯಿಂದ ಅಲುಗಿಲ್ಲ. ಎಲ್ಲ ಸರಿಯಾಗಿದೆ ಅಂತ ಅರ್ಥವೋ, ಮೀಟರ್ ಸತ್ತಿದೆ ಅಂತ ಅರ್ಥವೋ? ನೋಡುವವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ನನ್ನ ಕೆಲಸದ ವರ್ಷಗಳು ಈ ಪ್ರಶ್ನೆಯ ಸುತ್ತಲೇ ಕಳೆದವು. ನಾನು ಒಂದು ಸಂಶೋಧನಾ ರಿಯಾಕ್ಟರಿನಲ್ಲಿ ಉಪಕರಣಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಯಾವ ರಿಯಾಕ್ಟರ್ ಅನ್ನುವುದು ಇಲ್ಲಿ ಬೇಡ. ಕೆಟ್ಟ ಉಪಕರಣವನ್ನು ರಿಪೇರಿ ಮಾಡುವುದು ಈ ಕೆಲಸದ ಚಿಕ್ಕ ಭಾಗ. ಕೆಡುವ ಮೊದಲೇ ಯಾವುದನ್ನು, ಯಾವಾಗ, ಹೇಗೆ ನೋಡಬೇಕು ಅಂತ ಮೊದಲೇ ಕೂತು ಬರೆದಿಡುವುದು ದೊಡ್ಡ ಭಾಗ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ತುಮಕೂರಿನಲ್ಲಿ ನಿಂತು ಈ ಮಾತು ಆಡುವುದು ನನಗೆ ವಿಶೇಷ. ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಅವರು ಈ ಜಿಲ್ಲೆಯವರು. 1956ರ ಆಗಸ್ಟ್ 4ರಂದು ಮುಂಬೈನ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಮೊದಲ ಸಲ ಕ್ರಿಟಿಕಲ್ ಆದಾಗ (ಸರಪಳಿ ಕ್ರಿಯೆ ತಾನಾಗೇ ನಡೆಯುವ ಸ್ಥಿತಿಗೆ ಬಂದಾಗ) ಹೋಮಿ ಭಾಭಾ ಅವರ ಜೊತೆ ದುಡಿದವರಲ್ಲಿ ಅವರೂ ಒಬ್ಬರು. ಅದರ ಇಂಧನ ಬ್ರಿಟನ್ನಿನಿಂದ ಬಂತು. ಆದರೆ ಕಂಟ್ರೋಲ್ ಉಪಕರಣಗಳನ್ನು ಟ್ರಾಂಬೆಯ ಎಲೆಕ್ಟ್ರಾನಿಕ್ಸ್ ತಂಡವೇ ಕಟ್ಟಿತು. ಎ.ಎಸ್. ರಾವ್ ಅವರು ಆ ತಂಡದ ಮುಂದಾಳು. ಅದೇ ಬೇರಿನಿಂದ 1967ರಲ್ಲಿ ಹೈದರಾಬಾದಿನ ಇಸಿಐಎಲ್ ಅನ್ನುವ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಹುಟ್ಟಿತು. ನಮ್ಮ ದೇಶದ ರಿಯಾಕ್ಟರ್ ಕಥೆಯಲ್ಲಿ ಉಪಕರಣ ಮಾಡುವವರು ಮೊದಲ ದಿನದಿಂದಲೂ ಇದ್ದಾರೆ. ನೀವು ಓದುತ್ತಿರುವ ವಿಷಯ ಆ ಕಥೆಯ ನಡುಮನೆಯಲ್ಲೇ ಇದೆ.

ಕರೆಂಟ್ ಮಾಡುವ ರಿಯಾಕ್ಟರಿಗೂ ಸಂಶೋಧನಾ ರಿಯಾಕ್ಟರಿಗೂ ಏನು ವ್ಯತ್ಯಾಸ? ನಮ್ಮ ಕೈಗಾದಲ್ಲಿರುವುದು ಮೊದಲನೆಯ ಜಾತಿ. ತಿಂಗಳುಗಟ್ಟಲೆ ಒಂದೇ ಪವರ್‌ನಲ್ಲಿ ಓಡುವುದು ಅದರ ಕೆಲಸ. ಸಂಶೋಧನಾ ರಿಯಾಕ್ಟರಿನಿಂದ ನಮಗೆ ಬೇಕಾದದ್ದು ನ್ಯೂಟ್ರಾನ್. ಮೊದಲಿನ ಅಪ್ಸರಾ ಒಂದು ಮೆಗಾವಾಟ್ ಇತ್ತು. 1960ರಲ್ಲಿ ಬಂದ ಸೈರಸ್ 40 ಮೆಗಾವಾಟ್ ಇತ್ತು. 1985ರ ಆಗಸ್ಟಿನಲ್ಲಿ ಶುರುವಾದ ಧ್ರುವ 100 ಮೆಗಾವಾಟ್. ಕಲ್ಪಾಕ್ಕಮಿನ ಕಾಮಿನಿ ಬರೀ 30 ಕಿಲೋವಾಟ್. ಇಂಥ ರಿಯಾಕ್ಟರುಗಳಲ್ಲಿ ಕೆಲವು ಬೆಳಿಗ್ಗೆ ಶುರುವಾಗಿ ಸಂಜೆ ನಿಲ್ಲುತ್ತವೆ. ಕೆಲವು ವಾರಗಟ್ಟಲೆ ಓಡುತ್ತವೆ. ಪ್ರಯೋಗ ಬದಲಾದಂತೆ ಪವರ್ ಬದಲಾಗುತ್ತದೆ. ಉಪಕರಣಗಳೂ ಒಂದೊಂದು ಕಡೆ ಒಂದೊಂದು ಥರ. ಎಷ್ಟೋ ಸಲ ಆ ಒಂದೇ ರಿಯಾಕ್ಟರಿಗಾಗಿ ಮಾಡಿದವು. ಅಂಗಡಿಗೆ ಹೋಗಿ ಇನ್ನೊಂದು ತರುವ ಹಾಗಿಲ್ಲ. ನೋಡಿಕೊಳ್ಳುವ ಜನ ಕಡಿಮೆ. ಹೊರಗೆ ನ್ಯೂಟ್ರಾನ್ ಕಿರಣಕ್ಕಾಗಿ ಕಾಯುವ ವಿಜ್ಞಾನಿಗಳು, ಔಷಧದ ಐಸೋಟೋಪಿಗಾಗಿ ಕಾಯುವ ಆಸ್ಪತ್ರೆಗಳು. 'ಇನ್ನೆರಡು ದಿನ ಓಡಿಸಿ ಸಾರ್, ಆಮೇಲೆ ನಿಲ್ಲಿಸಿ' ಅನ್ನುವ ಮಾತು ನಮಗೆ ದಿನನಿತ್ಯದ್ದು. ಪ್ಲಾನ್ ಅನ್ನುವುದು ಕಾಗದದ ಮೇಲೆ ಇರದಿದ್ದರೆ ಇಂಥ ಮಾತಿನ ಮುಂದೆ ನಿಲ್ಲುವುದಿಲ್ಲ.

ಪ್ಲಾನ್ ಶುರುವಾಗುವುದು ಪಟ್ಟಿಯಿಂದ. ಆ ಪಟ್ಟಿಯನ್ನು ಡ್ರಾಯಿಂಗ್ ನೋಡಿ ಮಾಡಬೇಡಿ, ದಯವಿಟ್ಟು. ಟಾರ್ಚ್ ಹಿಡಿದು ನಡೆದು ಮಾಡಿ. ಪಂಪ್ ರೂಮಿನಿಂದ ಕಂಟ್ರೋಲ್ ರೂಮಿನವರೆಗೆ ಒಂದೊಂದೇ ಪೈಪು, ಒಂದೊಂದೇ ಕೇಬಲ್ ಹಿಂಬಾಲಿಸಿ. ಡ್ರಾಯಿಂಗಿನಲ್ಲಿ ಇರುವ ಎಷ್ಟೋ ಜಂಕ್ಷನ್ ಬಾಕ್ಸ್ ಜಾಗದಲ್ಲಿ ಇರುವುದಿಲ್ಲ. ಜಾಗದಲ್ಲಿ ಇರುವುದು ಡ್ರಾಯಿಂಗಿನಲ್ಲಿ ಇರುವುದಿಲ್ಲ. ನಾವು ಹೀಗೆ ನಡೆದು ನೋಡಿದಾಗ, ಯಾವತ್ತೋ ಮುಗಿದ ಪ್ರಯೋಗವೊಂದಕ್ಕೆ ಎಳೆದ ಕೇಬಲ್ ಇನ್ನೂ ಒಂದು ಟರ್ಮಿನಲ್‌ಗೆ ಕಚ್ಚಿಕೊಂಡೇ ಇತ್ತು.

ಪಟ್ಟಿ ಆದ ಮೇಲೆ ಪ್ರತಿಯೊಂದು ಉಪಕರಣದ ಮುಂದೆ ಒಂದು ಪ್ರಶ್ನೆ ಬರೆಯಿರಿ: ಇದು ಇವತ್ತು ರಾತ್ರಿ ಸತ್ತರೆ, ಯಾರಿಗೆ, ಯಾವಾಗ ಗೊತ್ತಾಗುತ್ತದೆ?

ಕೆಲವಕ್ಕೆ ಉತ್ತರ ಸುಲಭ. ಪಂಪ್ ಮೋಟರಿನ ಕರೆಂಟ್ ಮೀಟರ್ ಸತ್ತರೆ ಆಪರೇಟರಿಗೆ ಮುಂದಿನ ರೌಂಡಿನಲ್ಲೇ ಗೊತ್ತಾಗುತ್ತದೆ. ಪಂಪ್ ಓಡುತ್ತಿದೆ, ಮೀಟರ್ ಸೊನ್ನೆ ತೋರಿಸುತ್ತಿದೆ. ತನ್ನ ಸಾವನ್ನು ತಾನೇ ಕೂಗಿ ಹೇಳುವ ಉಪಕರಣ ಅದು. ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಿಂದಿನವರು ಎಷ್ಟೋ ಉಪಕರಣಗಳಿಗೆ ಹೀಗೆ ಬಾಯಿ ಕೊಟ್ಟಿದ್ದಾರೆ. ನೀವು ಲ್ಯಾಬಿನಲ್ಲಿ ನೋಡಿರುವ 4ರಿಂದ 20 ಮಿಲಿ ಆಂಪಿಯರ್ ಸಿಗ್ನಲ್ ನೆನಪಿಸಿಕೊಳ್ಳಿ. ಸೊನ್ನೆಯಿಂದ ಯಾಕೆ ಶುರು ಮಾಡಲಿಲ್ಲ? ಅಳತೆ ಸೊನ್ನೆ ಇದ್ದಾಗಲೂ 4 ಮಿಲಿ ಆಂಪಿಯರ್ ಹರಿಯುತ್ತಿರಲಿ ಅಂತ. ವೈರ್ ಕಿತ್ತು ಹೋದರೆ ಅದು ನಿಜವಾದ ಸೊನ್ನೆಗೆ ಬೀಳುತ್ತದೆ, ಆಗ 'ಇದು ಅಳತೆ ಅಲ್ಲ, ಕೇಡು' ಅಂತ ತಿಳಿಯುತ್ತದೆ. ಟ್ರಿಪ್ ರಿಲೇಗಳೂ, ಅಂದರೆ ಅಪಾಯ ಕಂಡಾಗ ರಿಯಾಕ್ಟರನ್ನು ನಿಲ್ಲಿಸುವ ಸ್ವಿಚ್ಚುಗಳೂ, ಹಾಗೇ. ಕರೆಂಟ್ ಇದ್ದಾಗ ಹಿಡಿದುಕೊಂಡಿರುತ್ತವೆ, ಹೋದರೆ ಬಿಡುತ್ತವೆ. ಎಷ್ಟೋ ರಿಯಾಕ್ಟರುಗಳಲ್ಲಿ, ನ್ಯೂಟ್ರಾನ್ ಹೀರಿ ರಿಯಾಕ್ಟರನ್ನು ನಿಲ್ಲಿಸುವ ರಾಡ್‌ಗಳನ್ನು ಹಿಡಿದಿರುವುದು ವಿದ್ಯುತ್ ಅಯಸ್ಕಾಂತ. ಕರೆಂಟ್ ಹೋಯಿತೆಂದರೆ ಅವು ತಮ್ಮ ಭಾರಕ್ಕೆ ತಾವೇ ಕೆಳಗೆ ಬೀಳುತ್ತವೆ.

ನನಗೆ ಇವುಗಳಲ್ಲೆಲ್ಲ ತುಂಬಾ ಇಷ್ಟವಾದದ್ದು ಒಂದಿದೆ. ರಿಯಾಕ್ಟರ್ ನಿಂತಿರುವಾಗ ನ್ಯೂಟ್ರಾನ್ ತುಂಬಾ ಕಡಿಮೆ. ಆಗ ಒಳ್ಳೆಯ ಡಿಟೆಕ್ಟರೂ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ, ಸತ್ತ ಡಿಟೆಕ್ಟರೂ ಸೊನ್ನೆ ತೋರಿಸುತ್ತದೆ. ನಾನು ಮೊದಲು ಹೇಳಿದ ಮುಳ್ಳು ಇದೇ. ಇದಕ್ಕೆ ಏನು ಮಾಡುತ್ತಾರೆ? ಕೋರ್‌ನ (ಇಂಧನ ಇರುವ ನಡುಭಾಗದ) ಒಳಗೋ ಪಕ್ಕದಲ್ಲೋ ಒಂದು ನ್ಯೂಟ್ರಾನ್ ಸೋರ್ಸ್ ಇಡುತ್ತಾರೆ. ಅದರಿಂದ ಡಿಟೆಕ್ಟರಿಗೆ ಯಾವಾಗಲೂ ಒಂದಿಷ್ಟು ಎಣಿಕೆ ಬರುತ್ತಲೇ ಇರುತ್ತದೆ. ಆ ಕನಿಷ್ಠ ಎಣಿಕೆ ಕಾಣದಿದ್ದರೆ ರಾಡ್ ಎತ್ತಲು ಇಂಟರ್‌ಲಾಕ್ ಅನ್ನುವ ತಡೆ ಬಿಡುವುದಿಲ್ಲ. 'ನಾನು ಬದುಕಿದ್ದೇನೆ' ಅಂತ ಮೀಟರ್ ಹೇಳುವವರೆಗೆ ಯಾರೂ ಮುಂದೆ ಹೋಗುವ ಹಾಗಿಲ್ಲ.

ಹಾಗಾದರೆ ಪ್ಲಾನ್ ಮಾಡುವವರ ಗಮನ ಯಾವುದರ ಮೇಲೆ ಹೋಗಬೇಕು? ಬಾಯಿ ಇಲ್ಲದವುಗಳ ಮೇಲೆ. ವರ್ಷಕ್ಕೊಮ್ಮೆಯೂ ಕೆಲಸ ಬೀಳದ ಲೆವೆಲ್ ಸ್ವಿಚ್. ಹತ್ತು ವರ್ಷದಲ್ಲಿ ಒಮ್ಮೆಯೂ ಬಾರಿಸದ ಅಲಾರ್ಮ್. ಕಡಿಮೆ ಫ್ಲೋ ಆದರೆ ಮಾತ್ರ ತೆರೆದುಕೊಳ್ಳುವ ಕಾಂಟ್ಯಾಕ್ಟ್. ಅಂಥವು ಕೆಟ್ಟರೂ ಸುಮ್ಮನಿರುತ್ತವೆ. ಬೇಕಾದ ದಿನವೇ ಕೈ ಕೊಡುತ್ತವೆ. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು' ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಇಲ್ಲಿ ಅಟ್ಟ ಮೇಲೆ ಒಲೆ ಉರಿದರೆ ಆಗದು.

ದೀಪ ನೋಡಿ ನಂಬುವ ವಿಷಯದಲ್ಲಿ ಕೆನಡಾದ ಒಂದು ಘಟನೆ ಹೇಳಲೇಬೇಕು. ಸೈರಸ್ ರಿಯಾಕ್ಟರಿಗೆ ಮಾದರಿಯಾದದ್ದು ಚಾಕ್ ರಿವರ್‌ನ ಎನ್‌ಆರ್‌ಎಕ್ಸ್. 1952ರ ಡಿಸೆಂಬರ್ 12ರಂದು ಅಲ್ಲಿ ಒಂದು ಪ್ರಯೋಗಕ್ಕೆ ತಯಾರಿ ನಡೆದಿತ್ತು. ನೆಲಮಾಳಿಗೆಯಲ್ಲಿದ್ದ ಒಬ್ಬರು ತಪ್ಪಾಗಿ ಕೆಲವು ವಾಲ್ವ್ ತೆರೆದರು. ರಿಯಾಕ್ಟರನ್ನು ನಿಲ್ಲಿಸುವ ಕೆಲವು ರಾಡ್‌ಗಳು ಮೇಲೆ ಎದ್ದವು. ಕಂಟ್ರೋಲ್ ರೂಮಿನಲ್ಲಿ ಕೆಂಪು ದೀಪ ಹತ್ತಿತು. ಮೇಲ್ವಿಚಾರಕರು ಕೆಳಗೆ ಓಡಿ ವಾಲ್ವ್ ಸರಿ ಮಾಡಿದರು. ದೀಪಗಳು ಆರಿದವು. ಎಲ್ಲರೂ ರಾಡ್ ಪೂರ್ತಿ ಕೆಳಗೆ ಬಂತು ಅಂದುಕೊಂಡರು. ನಿಜದಲ್ಲಿ ಕೆಲವು ರಾಡ್‌ಗಳು ದೀಪ ಆರುವಷ್ಟು ಮಾತ್ರ ಇಳಿದಿದ್ದವು. ಆಮೇಲೆ ಫೋನಿನಲ್ಲಿ ಯಾವ ಬಟನ್ ಒತ್ತಬೇಕು ಅಂತ ಹೇಳುವಾಗ ಒಂದು ಅಂಕಿ ತಪ್ಪಿತು. ಇನ್ನಷ್ಟು ರಾಡ್ ಮೇಲೆ ಹೋಯಿತು. ಪವರ್ ಏರಿತು. ಟ್ರಿಪ್ ಒತ್ತಿದರೂ ರಾಡ್‌ಗಳು ಬೇಕಾದ ಹಾಗೆ ಬೀಳಲಿಲ್ಲ. ಕೊನೆಗೆ ಸರಪಳಿ ಕ್ರಿಯೆಗೆ ಬೇಕಾದ ಭಾರಜಲವನ್ನು ಹೊರಗೆ ಬಿಟ್ಟು ನಿಲ್ಲಿಸಿದರು. ಇಂಧನ ಕೆಟ್ಟಿತು. ವಿಕಿರಣ ಬೆರೆತ ಸುಮಾರು 45 ಲಕ್ಷ ಲೀಟರ್ ನೀರು ನೆಲಮಾಳಿಗೆಯಲ್ಲಿ ತುಂಬಿತು. ದಿನನಿತ್ಯದ ಕಂಟ್ರೋಲ್ ಬೇರೆ, ರಕ್ಷಣೆಗೆ ಇರುವ ವ್ಯವಸ್ಥೆ ಬೇರೆ ಇರಬೇಕು ಅಂತ ಕೆನಡಾದವರು ಆಗಲೇ ಪಾಠ ಕಲಿತರು.

ಅಲ್ಲಿ ದೀಪ ಸುಳ್ಳು ಹೇಳಲಿಲ್ಲ, ಗಮನಿಸಿ. ಅದನ್ನು ಯಾವ ಸ್ವಿಚ್ಚಿಗೆ ಕಟ್ಟಿದ್ದರೋ ಅದರ ಸುದ್ದಿಯನ್ನೇ ಹೇಳಿತು. ಜನ ಅದರಲ್ಲಿ ಬೇರೆಯದನ್ನು ಓದಿದರು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡಿನಲ್ಲೂ ಇದೇ ಆಯಿತು. ಅದು ಕರೆಂಟ್ ಮಾಡುವ ರಿಯಾಕ್ಟರ್. ವಾಲ್ವಿಗೆ 'ಮುಚ್ಚು' ಅನ್ನುವ ಅಪ್ಪಣೆ ಹೋಗಿದೆ ಅಂತ ದೀಪ ಹೇಳಿತು. ವಾಲ್ವ್ ಮುಚ್ಚಿದೆ ಅಂತ ಆಪರೇಟರುಗಳು ತಿಳಿದರು. ವಾಲ್ವ್ ತೆರೆದೇ ಇತ್ತು.

ಆದ್ದರಿಂದ ನಮ್ಮ ಪ್ಲಾನಿನಲ್ಲಿ ಪ್ಯಾನೆಲ್ ಹಿಂದೆ ನಿಂತು ಸುಳ್ಳು ಸಿಗ್ನಲ್ ಕೊಟ್ಟು 'ದೀಪ ಹತ್ತಿತು, ಸರಿ ಇದೆ' ಅಂತ ಬರೆದರೆ ಸಾಲದು. ಅದೂ ಬೇಕು. ಆದರೆ ಎಲ್ಲೋ ಒಂದು ಸಲ ತುದಿಯಿಂದ ತುದಿಯವರೆಗೆ ನೋಡಬೇಕು. ನಿಜವಾದ ಒತ್ತಡ ಕೊಡಬೇಕು, ನಿಜವಾದ ರಿಲೇ ಬಿಡಬೇಕು, ನಿಜವಾದ ರಾಡ್ ಬೀಳಬೇಕು, ಅದು ಎಷ್ಟು ಹೊತ್ತಿನಲ್ಲಿ ಬಿತ್ತು ಅಂತ ಅಳೆಯಬೇಕು. ತುಂಡು ತುಂಡಾಗಿ ಪರೀಕ್ಷೆ ಮಾಡುವಾಗ ಎರಡು ತುಂಡುಗಳ ನಡುವಿನ ಆ ಒಂದು ಟರ್ಮಿನಲ್ ಯಾರ ಪಾಲಿಗೂ ಬರುವುದಿಲ್ಲ. ತೊಂದರೆ ಕೂತಿರುವುದು ಅಲ್ಲೇ.

ಈಗ ಎಷ್ಟು ದಿನಕ್ಕೊಮ್ಮೆ ಅನ್ನುವ ಪ್ರಶ್ನೆ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ. ಒಂದು ಟ್ರಿಪ್ ಚಾನೆಲ್, ಅಂದರೆ ಸೆನ್ಸರಿನಿಂದ ಟ್ರಿಪ್ ರಿಲೇವರೆಗಿನ ಒಂದು ಸಾಲು, ಹತ್ತು ವರ್ಷಕ್ಕೊಮ್ಮೆ ಸದ್ದಿಲ್ಲದೆ ಸಾಯುತ್ತದೆ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದರೆ, ಸತ್ತ ಚಾನೆಲ್ ಸರಾಸರಿ ಆರು ತಿಂಗಳು ಯಾರಿಗೂ ಗೊತ್ತಾಗದೆ ಇರುತ್ತದೆ. ಅಂದರೆ ನೂರಕ್ಕೆ ಐದು ಪಾಲು ಕಾಲ ಅದು ಇದ್ದೂ ಇಲ್ಲದ ಹಾಗೆ. ತಿಂಗಳಿಗೊಮ್ಮೆ ಮಾಡಿದರೆ ಅದು ಹದಿನೈದು ದಿನಕ್ಕೆ ಇಳಿಯುತ್ತದೆ. ನೂರಕ್ಕೆ ಅರ್ಧ ಪಾಲೂ ಇಲ್ಲ. ಇದಕ್ಕೇ ಮೂರು ಚಾನೆಲ್ ಇಟ್ಟು, ಮೂರರಲ್ಲಿ ಎರಡು ಹೇಳಿದರೆ ಟ್ರಿಪ್ ಅನ್ನುವ ಪದ್ಧತಿ ಬಂತು. ಒಂದು ಸತ್ತರೂ ಉಳಿದೆರಡು ಕಾಯುತ್ತವೆ. ಒಂದು ಸುಮ್ನೆ ಕಿರುಚಿದರೂ ರಿಯಾಕ್ಟರ್ ನಿಲ್ಲುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ರಿಯಾಕ್ಟರ್ ಓಡುತ್ತಿರುವಾಗಲೇ ಒಂದೊಂದು ಚಾನೆಲನ್ನು ಪರೀಕ್ಷೆ ಮಾಡಬಹುದು.

ಹಾಗಾದರೆ ದಿನಾ ಪರೀಕ್ಷೆ ಮಾಡಿಬಿಡೋಣ ಅಲ್ವಾ? ಇಲ್ಲ. ಕೈ ಹಾಕಿದಷ್ಟೂ ಕೆಡುವುದುಂಟು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಜೊತೆ ಕೆಲಸ ಮಾಡಿದ ಸಿ.ಎಚ್. ವಾಡಿಂಗ್ಟನ್ ಅನ್ನುವ ವಿಜ್ಞಾನಿ ವಿಮಾನಗಳ ರಿಪೇರಿ ಲೆಕ್ಕ ತೆಗೆದರು. ನಿಗದಿತ ತಪಾಸಣೆ ಮುಗಿದ ತಕ್ಷಣವೇ ಕೇಡುಗಳು ಜಾಸ್ತಿ ಆಗುತ್ತಿದ್ದವು, ಆಮೇಲೆ ಇಳಿಯುತ್ತಿದ್ದವು! 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ಬರೆದ ವರದಿಯೂ ಅದೇ ದಾರಿಯಲ್ಲಿದೆ. ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಕೆಡುವವು ನೂರಕ್ಕೆ ಹನ್ನೊಂದು ಮಾತ್ರ. ನೂರಕ್ಕೆ ಅರವತ್ತೆಂಟರಷ್ಟು ಭಾಗಗಳು ಹೊಸದಾಗಿ ಹಾಕಿದಾಗಲೇ ಹೆಚ್ಚು ಕೆಡುತ್ತಿದ್ದವು. ಕನೆಕ್ಟರ್ ಬಿಚ್ಚಿ ಹಾಕಿ ಮಾಡಿದರೆ ಪಿನ್ ಸಡಿಲವಾಗುತ್ತದೆ. ಪರೀಕ್ಷೆಗೆ ಹಾಕಿದ ಜಂಪರ್ ವೈರ್ ಮರೆತುಹೋಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆದ್ದರಿಂದ ಅವಧಿಯನ್ನು ಕ್ಯಾಲೆಂಡರ್ ನೋಡಿ ಹಾಕಬಾರದು. ಆ ಉಪಕರಣದ ನಡವಳಿಕೆ ನೋಡಿ ಹಾಕಬೇಕು. ಆ ನಡವಳಿಕೆ ಎಲ್ಲಿ ಸಿಗುತ್ತದೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೂರು ಚಾನೆಲ್ ಇದೆ ಅಂತ ನೆಮ್ಮದಿಯಿಂದ ಇರುವ ಹಾಗೂ ಇಲ್ಲ. ಮೂರೂ ಒಟ್ಟಿಗೆ ತಪ್ಪು ಹೇಳುವ ದಾರಿ ಒಂದಿದೆ. ಅದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಇಡೀ ಪ್ಲಾನಿನಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು.

ನ್ಯೂಟ್ರಾನ್ ಡಿಟೆಕ್ಟರ್ ನೇರವಾಗಿ ಪವರ್ ಅಳೆಯುವುದಿಲ್ಲ. ಅದು ತಾನಿರುವ ಜಾಗದ ನ್ಯೂಟ್ರಾನನ್ನು ಅಳೆಯುತ್ತದೆ. ಅದರ ಇಷ್ಟು ಕರೆಂಟಿಗೆ ಇಷ್ಟು ಮೆಗಾವಾಟ್ ಅಂತ ಹೇಳಿಕೊಡುವುದು ಶಾಖದ ಲೆಕ್ಕ. ಕೋರ್‌ನ ಮೂಲಕ ಎಷ್ಟು ನೀರು ಹೋಯಿತು, ಎಷ್ಟು ಬಿಸಿಯಾಯಿತು ಅಂತ ಗುಣಿಸಿದರೆ ಪವರ್ ಸಿಗುತ್ತದೆ. ಒಂದು ಮೆಗಾವಾಟಿನ ರಿಯಾಕ್ಟರಿನಲ್ಲಿ ಸೆಕೆಂಡಿಗೆ 48 ಕೆಜಿ ನೀರು ಹರಿದರೆ ಅದು ಸುಮಾರು 5 ಡಿಗ್ರಿ ಬಿಸಿಯಾಗುತ್ತದೆ. ಬರೀ 5 ಡಿಗ್ರಿ. ಒಳಗೆ ಹೋಗುವ ನೀರಿನ ಥರ್ಮಾಮೀಟರ್ ಕಾಲು ಡಿಗ್ರಿ ಜಾಸ್ತಿ, ಹೊರಗೆ ಬರುವ ನೀರಿನದು ಕಾಲು ಡಿಗ್ರಿ ಕಡಿಮೆ ತೋರಿಸುತ್ತಿದೆ ಅನ್ನಿ. ಒಂದೊಂದನ್ನೇ ನೋಡಿದರೆ ಎರಡೂ ಒಳ್ಳೆಯವೇ. ಕಾಲು ಡಿಗ್ರಿಗೆ ಯಾರೂ ಬೈಯುವುದಿಲ್ಲ. ಆದರೆ ವ್ಯತ್ಯಾಸದಲ್ಲಿ ಅರ್ಧ ಡಿಗ್ರಿ ಹೋಯಿತು. ಐದರಲ್ಲಿ ಅರ್ಧ ಅಂದರೆ ನೂರಕ್ಕೆ ಹತ್ತು. ಈ ತಪ್ಪು ಲೆಕ್ಕಕ್ಕೆ ಮೂರು ನ್ಯೂಟ್ರಾನ್ ಚಾನೆಲನ್ನೂ ಹೊಂದಿಸುತ್ತೀರಿ. ಮೂರೂ ಒಂದೇ ಅಂಕಿ ಹೇಳುತ್ತವೆ. ಮೂವರೂ ಒಪ್ಪುತ್ತಿದ್ದಾರೆ ಅಂತ ಸಂತೋಷವಾಗುತ್ತದೆ. ಮೂರೂ ತಪ್ಪು.

ಇದಕ್ಕೆ ದುಬಾರಿ ಮದ್ದು ಬೇಡ. ಆ ಎರಡು ಥರ್ಮಾಮೀಟರುಗಳನ್ನು ಬೇರೆ ಬೇರೆ ದಿನ, ಬೇರೆ ಬೇರೆ ಬಾತ್‌ನಲ್ಲಿ (ಒಂದೇ ಬಿಸಿಯಲ್ಲಿ ಇಟ್ಟ ದ್ರವದ ತೊಟ್ಟಿಯಲ್ಲಿ) ಕ್ಯಾಲಿಬ್ರೇಟ್ ಮಾಡಬೇಡಿ, ಅಂದರೆ ಸರಿಯಾದ ಅಳತೆಗೆ ಹೋಲಿಸಿ ನೋಡಬೇಡಿ. ಒಂದೇ ಬಾತ್‌ನಲ್ಲಿ, ಒಂದೇ ಹೊತ್ತಿನಲ್ಲಿ, ಜೋಡಿಯಾಗಿ ಮಾಡಿ. ಇನ್ನೂ ಸುಲಭದ ಒಂದು ದಾರಿ ಇದೆ. ರಿಯಾಕ್ಟರ್ ನಿಂತು ಸಾಕಷ್ಟು ಹೊತ್ತಾದ ಮೇಲೆ, ಒಳಗಿನ ಶಾಖ ಇಳಿದ ಮೇಲೆ, ಪಂಪ್ ಮಾತ್ರ ಓಡಿಸಿ. ಎಲ್ಲ ಕಡೆ ನೀರು ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತದೆ. ಆಗ ಎರಡೂ ಒಂದೇ ಅಂಕಿ ಹೇಳಬೇಕು. ಹೇಳದಿದ್ದರೆ ಎಷ್ಟು ವ್ಯತ್ಯಾಸ ಅಂತ ಬರೆದಿಡಿ. ಏನನ್ನೂ ಬಿಚ್ಚಲಿಲ್ಲ, ಯಾವ ಕನೆಕ್ಟರನ್ನೂ ಮುಟ್ಟಲಿಲ್ಲ, ರಿಯಾಕ್ಟರಿನ ಒಂದು ನಿಮಿಷವನ್ನೂ ಕೇಳಲಿಲ್ಲ. ಇಂಥ ಪರೀಕ್ಷೆಗಳನ್ನು ಹುಡುಕಿ ಪ್ಲಾನಿಗೆ ಸೇರಿಸುವುದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಸಿಕ್ಕಿದೆ.

ಪಿಟಿ-100 (ಬಿಸಿ ಅಳೆಯುವ ಪ್ಲಾಟಿನಮ್ ಸೆನ್ಸರ್) ಬಳಸುವವರಿಗೆ ಒಂದು ಮಾತು. ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.5 ಓಮ್. ಅಂದರೆ ಡಿಗ್ರಿಗೆ 0.4 ಓಮ್ ಕೂಡ ಇಲ್ಲ. ಎರಡು ವೈರಿನ ಜೋಡಣೆಯಲ್ಲಿ ತುಕ್ಕು ಹಿಡಿದ ಒಂದು ಟರ್ಮಿನಲ್ ಅರ್ಧ ಓಮ್ ಸೇರಿಸಿದರೆ ಒಂದು ಡಿಗ್ರಿಗಿಂತ ಜಾಸ್ತಿ ತಪ್ಪು. ಸೆನ್ಸರ್ ಚಿನ್ನದಂಥದ್ದೇ ಇರಬಹುದು, ಸ್ಕ್ರೂ ಸಡಿಲ ಇದ್ದರೆ ಏನು ಪ್ರಯೋಜನ?

ಸ್ಕ್ರೂ, ಕನೆಕ್ಟರ್, ಕೇಬಲ್. ಪುಸ್ತಕಗಳು ಡಿಟೆಕ್ಟರ್ ಬಗ್ಗೆ ಅಧ್ಯಾಯಗಟ್ಟಲೆ ಬರೆಯುತ್ತವೆ, ಆದರೆ ನಮ್ಮ ನಿದ್ದೆ ಕೆಡಿಸಿದ್ದು ಕನೆಕ್ಟರ್. ಅಯಾನ್ ಚೇಂಬರ್ ಅನ್ನುವ ನ್ಯೂಟ್ರಾನ್ ಡಿಟೆಕ್ಟರಿನ ಕರೆಂಟ್ ತುಂಬಾ ಚಿಕ್ಕದು. ಕನೆಕ್ಟರಿನ ಒಳಗೆ ಚೂರು ತೇವ ಹೊಕ್ಕರೆ ಇನ್ಸುಲೇಷನ್ ಇಳಿಯುತ್ತದೆ, ಸೋರಿಕೆಯ ಕರೆಂಟ್ ಸಿಗ್ನಲ್ ಜೊತೆ ಬೆರೆಯುತ್ತದೆ. ಒಂದು ಮಳೆಗಾಲದಲ್ಲಿ ನಮ್ಮ ಒಂದು ಚಾನೆಲ್ ರಾತ್ರಿ ಹೊತ್ತು ಮಾತ್ರ ತೂಗಾಡುತ್ತಿತ್ತು. ಬೆಳಿಗ್ಗೆ ನಾವು ಹೋಗಿ ನೋಡಿದರೆ ಸರಿ. ಆಂಪ್ಲಿಫೈಯರ್ ಬದಲಾಯಿಸಿದೆವು, ಪವರ್ ಸಪ್ಲೈ ಬದಲಾಯಿಸಿದೆವು. ಕೊನೆಗೆ ಒಬ್ಬ ಟೆಕ್ನಿಷಿಯನ್, ನಮ್ಮೆಲ್ಲರಿಗಿಂತ ಹಳಬರು, ಎಸಿ ಗಾಳಿ ರಾತ್ರಿ ನೇರವಾಗಿ ಒಂದು ಕನೆಕ್ಟರ್ ಮೇಲೆ ಬಡಿಯುವುದನ್ನು ಕಂಡುಹಿಡಿದರು. ತಣ್ಣಗಾದ ಲೋಹದ ಮೇಲೆ ಹನಿ ಕಟ್ಟುತ್ತಿತ್ತು. ಆ ವರ್ಷದಿಂದ ಮಳೆ ಶುರುವಾಗುವ ಮುಂಚೆ ಎಲ್ಲ ಚೇಂಬರ್ ಕೇಬಲ್‌ಗಳ ಇನ್ಸುಲೇಷನ್ ಅಳೆಯುವುದು ನಮ್ಮ ಪ್ಲಾನಿನಲ್ಲಿ ಸೇರಿತು. ಮೇ ತಿಂಗಳಲ್ಲಿ ಒಂದು ಸಲ, ಮಳೆ ಮುಗಿದ ಮೇಲೆ ಇನ್ನೊಂದು ಸಲ.

ಕೆಲಸವನ್ನು ದಿನಗಳ ಮೇಲೆ ಕೂರಿಸುವಾಗ ಒಂದೆರಡು ವಿಷಯ ನೆನಪಿಡಿ. ಮೂರು ಚಾನೆಲನ್ನೂ ಒಂದೇ ದಿನ, ಒಬ್ಬರೇ, ಒಂದೇ ಮೀಟರಿನಿಂದ ಮಾಡಬೇಡಿ. ಆ ಮೀಟರ್ ತಪ್ಪಿದ್ದರೆ ಮೂರಕ್ಕೂ ಅದೇ ತಪ್ಪನ್ನು ಹಂಚಿದ ಹಾಗೆ ಆಗುತ್ತದೆ. ಒಂದು ಚಾನೆಲನ್ನು ಪರೀಕ್ಷೆಗೆ ತೆಗೆದಾಗ ಅದನ್ನು ಟ್ರಿಪ್ ಸ್ಥಿತಿಯಲ್ಲಿ ಬಿಟ್ಟರೆ, ಉಳಿದೆರಡರಲ್ಲಿ ಒಂದು ಹೇಳಿದರೂ ರಿಯಾಕ್ಟರ್ ನಿಲ್ಲುತ್ತದೆ. ಲೆಕ್ಕಕ್ಕೇ ಬಾರದ ಹಾಗೆ ಬೈಪಾಸ್ ಮಾಡಿದರೆ ಉಳಿದೆರಡೂ ಹೇಳಲೇಬೇಕು. ಯಾವುದು ಕಾಪಾಡುತ್ತದೆ ಅಂತ ನಾನು ಹೇಳಬೇಕಿಲ್ಲ.

ಮತ್ತೆ, ಬಿಚ್ಚಿದ್ದನ್ನು ಹಾಕಿದ್ದೇವೆಯೇ ಅಂತ ಬೇರೆ ಕಣ್ಣು ನೋಡಬೇಕು. ತ್ರೀ ಮೈಲ್ ಐಲೆಂಡಿನ ಇನ್ನೊಂದು ತುಣುಕು ಇದು. ಅಪಘಾತಕ್ಕೆ ಎರಡು ದಿನ ಮೊದಲು ಒಂದು ಪರೀಕ್ಷೆಗಾಗಿ ತುರ್ತು ನೀರಿನ ಎರಡು ವಾಲ್ವ್ ಮುಚ್ಚಿದ್ದರು. ಬೇಕಾದ ಹೊತ್ತಿನಲ್ಲಿ ಅವು ಮುಚ್ಚಿಯೇ ಇದ್ದವು. ತಿಳಿಯಲು ಎಂಟು ನಿಮಿಷ ಬೇಕಾಯಿತು. ಪ್ಯಾನೆಲಿನಲ್ಲಿ ಒಂದು ದೀಪವನ್ನು ನೇತಾಡುತ್ತಿದ್ದ ಮೇಂಟೆನೆನ್ಸ್ ಟ್ಯಾಗ್ ಮುಚ್ಚಿಕೊಂಡಿತ್ತು. ನಮ್ಮದೇ ಟ್ಯಾಗ್, ನಮ್ಮದೇ ಪರೀಕ್ಷೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಜಂಪರ್ ಎಷ್ಟು ತೆಗೆದುಕೊಂಡು ಹೋದಿರಿ, ಎಷ್ಟು ವಾಪಸ್ ತಂದಿರಿ ಅಂತ ಎಣಿಸುವ ಪದ್ಧತಿಯನ್ನು ನಾವು ಬಿಡಲೇ ಇಲ್ಲ.

ಸ್ಪೇರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಂಶೋಧನಾ ರಿಯಾಕ್ಟರುಗಳು ಐವತ್ತು ವರ್ಷ ಬಾಳುತ್ತವೆ. ಎಲೆಕ್ಟ್ರಾನಿಕ್ಸ್ ಬಾಳುವುದಿಲ್ಲ. ಬೋರ್ಡಿನ ಒಂದು ಐಸಿ ಚಿಪ್ ಮಾರುಕಟ್ಟೆಯಿಂದ ಹೋದ ದಿನ ನಿಮ್ಮ ಉಪಕರಣಕ್ಕೂ ಕೊನೆಯ ದಿನಗಳು ಶುರು. ಸೈರಸ್ ಅನ್ನು 1997ರಲ್ಲಿ ನಿಲ್ಲಿಸಿ, ವಯಸ್ಸಾದ ಭಾಗಗಳನ್ನು ನೋಡಿ, ವರ್ಷಗಳ ಕಾಲ ದುರಸ್ತಿ ಮಾಡಿ ಮತ್ತೆ ಓಡಿಸಿದರು. 2010ರ ಕೊನೆಯ ದಿನದವರೆಗೆ ಅದು ಕೆಲಸ ಮಾಡಿತು. ಯೋಚಿಸಿ ನಿಲ್ಲಿಸುವುದು ಅಂದರೆ ಇದು. ತಾನಾಗೇ ನಿಂತರೆ ಏನಾಗುತ್ತದೆ? ಅದಕ್ಕೂ ಚಾಕ್ ರಿವರ್ ಕಡೆಗೇ ನೋಡಬೇಕು. ಅಲ್ಲಿನ ಎನ್‌ಆರ್‌ಯು 2009ರ ಮೇ ತಿಂಗಳಲ್ಲಿ ಭಾರಜಲ ಸೋರಿ ನಿಂತಿತು. ಪಾತ್ರೆಯ ಗೋಡೆ ತುಕ್ಕು ಹಿಡಿದಿತ್ತು. ಹದಿನೈದು ತಿಂಗಳು ಓಡಲಿಲ್ಲ. ಜಗತ್ತಿನ ಆಸ್ಪತ್ರೆಗಳಿಗೆ ಬೇಕಾದ ಮಾಲಿಬ್ಡಿನಮ್-99 ಅನ್ನುವ ಐಸೋಟೋಪಿನ ದೊಡ್ಡ ಪಾಲು ಅಲ್ಲಿಂದ ಬರುತ್ತಿತ್ತು. ಅದು 66 ಗಂಟೆಗೆ ಅರ್ಧವಾಗುತ್ತದೆ, ಕೂಡಿಡಲು ಬರುವುದಿಲ್ಲ. ಹೃದಯದ, ಮೂಳೆಯ ಸ್ಕ್ಯಾನ್‌ಗಳು ದೇಶದೇಶಗಳಲ್ಲಿ ಮುಂದೆ ಹೋದವು. ಪ್ಲಾನಿನ ಆ ತುದಿಯಲ್ಲಿ ಸ್ಕ್ಯಾನಿಗೆ ಕಾಯುತ್ತಾ ಬೆಂಚಿನ ಮೇಲೆ ಒಬ್ಬರು ಕೂತಿರುತ್ತಾರೆ.

ಈಗ ಆಮೇಲೆ ಹೇಳುತ್ತೇನೆ ಅಂದ ವಿಷಯ. ಉಪಕರಣದ ನಡವಳಿಕೆ ಎಲ್ಲಿ ಸಿಗುತ್ತದೆ? ಮುಟ್ಟುವ ಮೊದಲು ಅದು ಏನು ಹೇಳುತ್ತಿತ್ತು ಅನ್ನುವ ಅಂಕಿಯಲ್ಲಿ. ಕ್ಯಾಲಿಬ್ರೇಷನ್ ಹಾಳೆಯಲ್ಲಿ ಎರಡು ಕಾಲಮ್ ಇರಬೇಕು. ಮುಟ್ಟುವ ಮೊದಲು, ಮುಟ್ಟಿದ ಮೇಲೆ. ಎರಡನೆಯದು ಯಾವಾಗಲೂ ಚೆನ್ನಾಗಿರುತ್ತದೆ, ಯಾಕೆಂದರೆ ನಾವೇ ಸರಿ ಮಾಡಿದ್ದೇವೆ. ನಿಜವಾದ ಸುದ್ದಿ ಮೊದಲನೆಯದರಲ್ಲಿದೆ. ಹಳೆಯ ಹಾಳೆಗಳನ್ನು ಒಮ್ಮೆ ತೆಗೆದು ನೋಡಿದೆ. ಒಂದು ಪ್ರೆಶರ್ ಟ್ರಾನ್ಸ್‌ಮಿಟರಿಗೆ ಸಾಲಾಗಿ 'ಸರಿ ಇದೆ', 'ಸರಿ ಇದೆ', 'ಸರಿ ಇದೆ'. ಮೊದಲ ಕಾಲಮ್ ಖಾಲಿ. ಮುಂದಿನ ಸಲ ನಾವೇ ಬರೆದುಕೊಂಡಾಗ ಅದು ಪ್ರತಿ ಸಲ ಒಂದೇ ಕಡೆಗೆ ಜಾರುತ್ತಿದೆ ಅಂತ ತಿಳಿಯಿತು. ಎಷ್ಟು ವರ್ಷದಿಂದ ಜಾರುತ್ತಿತ್ತೋ, ಯಾರಿಗೂ ಹೇಳಲು ಬರುತ್ತಿರಲಿಲ್ಲ. ಅಂಕಿ ಬರೆದಿದ್ದರೆ ಅದರ ವಯಸ್ಸು ನಮಗೆ ಮೊದಲೇ ಕಾಣುತ್ತಿತ್ತು.

ಇದು ಎಷ್ಟು ಭಾರದ ಮಾತು ಅನ್ನುವುದಕ್ಕೆ ಎಸ್‌ಎಲ್-1 ನೆನೆಯಬೇಕು. ಅಮೆರಿಕದ ಐಡಾಹೊದಲ್ಲಿ ಸೇನೆಯ ಒಂದು ಚಿಕ್ಕ ರಿಯಾಕ್ಟರ್. 1961ರ ಜನವರಿ 3ರ ರಾತ್ರಿ ಮೂವರು ರಾಡ್‌ಗಳನ್ನು ಮತ್ತೆ ಜೋಡಿಸುತ್ತಿದ್ದರು. ಮೇಂಟೆನೆನ್ಸಿನ ಮಾಮೂಲಿ ಕೆಲಸ. ನಡುವಿನ ರಾಡನ್ನು ಹತ್ತು ಸೆಂಟಿಮೀಟರಿನಷ್ಟು ಎತ್ತಬೇಕಿತ್ತು. ಅದು ಅರ್ಧ ಮೀಟರಿನಷ್ಟು ಮೇಲೆ ಬಂತು. ಮೂವರೂ ಉಳಿಯಲಿಲ್ಲ. ಯಾಕೆ ಹಾಗಾಯಿತು ಅಂತ ಇವತ್ತಿಗೂ ಚರ್ಚೆ ಇದೆ. ಆದರೆ ರಾಡ್‌ಗಳು ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದ್ದವು, ಕೊನೆಯ ವಾರಗಳಲ್ಲಿ ಅದು ಜಾಸ್ತಿಯಾಗಿತ್ತು ಅನ್ನುವುದು ದಾಖಲೆಯಲ್ಲೇ ಇತ್ತು. ಬರೆದಿದ್ದರು. ಸಾಲಾಗಿ ಇಟ್ಟು ಓದಿ ಕೆಲಸ ನಿಲ್ಲಿಸಿದವರು ಇರಲಿಲ್ಲ. ಬರೆಯುವುದು ಅರ್ಧ ಕೆಲಸ. ಮೂರು ತಿಂಗಳಿಗೊಮ್ಮೆ ಕೂತು ಹಿಂದಿನ ಅಂಕಿಗಳನ್ನು ಒಂದು ಗ್ರಾಫಿನಲ್ಲಿ ಹಾಕಿ ನೋಡುವ ದಿನವನ್ನೂ ಪ್ಲಾನಿನಲ್ಲೇ ಬರೆಯಿರಿ. ಅದಕ್ಕೆ ಒಬ್ಬರ ಹೆಸರು ಹಾಕಿ. ಹೆಸರಿಲ್ಲದ ಕೆಲಸ ಆಗುವುದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾರ್, ಮುಟ್ಟೋಕೆ ಮೊದಲಿನ ಅಂಕಿ ಕೆಟ್ಟದಾಗಿದ್ರೆ, ಅದನ್ನ ಬರೆದ್ರೆ, ನಮ್ಮನ್ನೇ ಬೈಯಲ್ವಾ?"

ಅವತ್ತು ಕೇಳಿದ ಪ್ರಶ್ನೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಬೈಯುವ ಕಡೆ ಆ ಕಾಲಮ್ ಖಾಲಿಯೇ ಇರುತ್ತದಮ್ಮ, ಅಂದೆ. ಆಮೇಲೆ ನನ್ನ ಮೊದಲ ವರ್ಷದ ಒಂದು ದಿನ ಹೇಳಿದೆ.

ಕಡಿಮೆ ಫ್ಲೋ ಟ್ರಿಪ್‌ನ ಪರೀಕ್ಷೆ. ಮೂರು ಚಾನೆಲ್‌ಗಳಲ್ಲಿ ಒಂದು, ಬಿಡಬೇಕಾದ ಮಿತಿ ದಾಟಿ ಕೆಳಗೆ ಹೋದ ಮೇಲೆ ಬಿಟ್ಟಿತು. ನನ್ನ ಕೈ ತಾನಾಗೇ ಸ್ಕ್ರೂಡ್ರೈವರ್ ಕಡೆ ಹೋಯಿತು. ಅರ್ಧ ಸುತ್ತು ತಿರುಗಿಸಿದರೆ ಸರಿಯಾಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಮ್ಮ ಹಿರಿಯರು ಮೆಲ್ಲಗೆ ಕೈ ಹಿಡಿದರು. "ತಡಿಯಪ್ಪ, ಮುಟ್ಟಬೇಡ. ಮೊದಲು ಬರ್ಕೋ" ಅಂದರು. ನಾನು ಬರೆದೆ. ಅವರೇ ಫೋನ್ ಎತ್ತಿ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿದರು. ಚಾನೆಲನ್ನು ಟ್ರಿಪ್ ಸ್ಥಿತಿಗೆ ತಂದರು. ಉಳಿದೆರಡನ್ನೂ ಅವತ್ತೇ ನೋಡಿದೆವು, ಅವು ಸರಿ ಇದ್ದವು. ಒಂದು ವಾರದಲ್ಲಿ ಆ ಮೂರರ ಅವಧಿ ಆರು ತಿಂಗಳಿಂದ ಮೂರು ತಿಂಗಳಿಗೆ ಇಳಿಯಿತು. ಇದು ಯಾರ ತಪ್ಪು ಅಂತ ಯಾರೂ ಕೇಳಲಿಲ್ಲ.

ಆ ಹಾಳೆಯ ಮೊದಲ ಕಾಲಮಿನಲ್ಲಿ ನನ್ನ ಕೈಬರಹದ ಆ ಕೆಟ್ಟ ಅಂಕಿ ಇದೆ. ಅದರ ಪಕ್ಕದಲ್ಲಿ, ನಾನು ಕೇಳದೆಯೇ, ಅವರ ಸಹಿ.